ಹಳ್ಳದ ಬಳಿ ನಿಂತುಹೋಗುವ ಕುದುರೆದಾರಿ: ಒಂದು ಅರ್ಜಿಯ ಏಳು ತಿಂಗಳ ದಾಖಲೆ

ಇಂಗ್ಲೆಂಡಿನಲ್ಲಿ ನಾನು ವಾಸಿಸುವ ಹಳ್ಳಿಯ ಚರ್ಚಿನ ಹಿಂಬದಿಯಿಂದ ಒಂದು ಬ್ರೈಡಲ್‌ವೇ ಹೊರಡುತ್ತದೆ. ಬ್ರೈಡಲ್‌ವೇ ಎಂದರೆ ನಡೆದು ಹೋಗುವವರಿಗಷ್ಟೇ ಅಲ್ಲದೆ ಕುದುರೆ ಏರಿದವರಿಗೂ ಕುದುರೆಯನ್ನು ಹಿಡಿದು ನಡೆಸುವವರಿಗೂ ಹಕ್ಕಿರುವ ಸಾರ್ವಜನಿಕ ದಾರಿ. 1968ರ ಕಾಯ್ದೆಯಿಂದ ಸೈಕಲ್ ಸವಾರರಿಗೂ ಅಲ್ಲಿ ಅವಕಾಶ ದೊರೆತಿದೆ, ಆದರೆ ಅವರು ಉಳಿದಿಬ್ಬರಿಗೂ ದಾರಿ ಬಿಡಬೇಕು. ನಮ್ಮ ಈ ದಾರಿ ಎರಡು ಕಿಲೋಮೀಟರ್ ಸಾಗಿ, ಪಕ್ಕದ ಊರಿನ ಆಡಳಿತ ಘಟಕವಾದ ಪ್ಯಾರಿಷ್‌ನ ಗಡಿಯಾದ ಹಳ್ಳವನ್ನು ದಾಟಿದ ಕೂಡಲೇ ಬರಿಯ ಕಾಲುದಾರಿಯಾಗುತ್ತದೆ. ನೆಲದಲ್ಲಿ ಏನೂ ಬದಲಾಗುವುದಿಲ್ಲ. ಎರಡೂ ಬದಿಗೆ ಅದೇ ಹಳೆಯ ಬೇಲಿ, ನಡುವೆ ಅದೇ ತಗ್ಗಾದ ಓಣಿ. ಕಂಬದ ಮೇಲಿನ ನೀಲಿ ಬಾಣವೊಂದು ಹಳದಿ ಬಾಣವಾಗುತ್ತದೆ, ಅಷ್ಟೆ. ಅಲ್ಲಿಂದ ಸವಾರರು ಬಂದ ದಾರಿಯಲ್ಲೇ ಹಿಂತಿರುಗಬೇಕು, ಇಲ್ಲವೇ ಲಾರಿಗಳು ಓಡಾಡುವ ಹೆದ್ದಾರಿಗೆ ಇಳಿಯಬೇಕು. ಉಳಿದ 1.3 ಕಿಲೋಮೀಟರ್ ಭಾಗವನ್ನೂ ಕುದುರೆದಾರಿಯೆಂದು ದಾಖಲಿಸಬೇಕೆಂಬ ಅರ್ಜಿಯನ್ನು ಸಿದ್ಧಪಡಿಸುವುದು ನಾನು ಕೈಗೆತ್ತಿಕೊಂಡ ಕೆಲಸ.

ಸೆಪ್ಟೆಂಬರ್. ಈ ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕುವುದರಲ್ಲೇ ತಿಂಗಳು ಕಳೆಯಿತು. 1949ರ ಕಾಯ್ದೆ ಎಲ್ಲ ಸಾರ್ವಜನಿಕ ದಾರಿಗಳನ್ನೂ ‘ಡೆಫಿನಿಟಿವ್ ಮ್ಯಾಪ್’ ಎಂಬ ಅಧಿಕೃತ ನಕ್ಷೆಯಲ್ಲಿ ಗುರುತಿಸಬೇಕೆಂದು ಕೌಂಟಿಗಳಿಗೆ, ಅಂದರೆ ಜಿಲ್ಲಾಡಳಿತಗಳಿಗೆ, ಆದೇಶಿಸಿದಾಗ, ಸ್ಥಳದಲ್ಲಿ ನಡೆದು ನೋಡಿ ಪಟ್ಟಿ ಮಾಡುವ ಕೆಲಸ ಬಹುಪಾಲು ಆಯಾ ಪ್ಯಾರಿಷ್‌ಗಳ ಪಾಲಿಗೆ ಬಂತು. ಒಂದು ಊರಿನವರು ಕುದುರೆದಾರಿ ಎಂದು ಬರೆದದ್ದನ್ನು ಇನ್ನೊಂದು ಊರಿನವರು ಕಾಲುದಾರಿ ಎಂದು ಬರೆದರು; ಎರಡನ್ನೂ ಗಡಿಯಲ್ಲಿ ಹೊಂದಿಸಿ ನೋಡುವವರು ಇರಲಿಲ್ಲ. ಸಮಾಧಾನದ ಸಂಗತಿಯೆಂದರೆ, ನಕ್ಷೆಯಲ್ಲಿ ಕಾಲುದಾರಿ ಎಂದಿದ್ದರೆ ಅಲ್ಲಿ ನಡೆಯುವ ಹಕ್ಕು ಇದೆಯೆಂಬುದಕ್ಕೆ ಮಾತ್ರ ಅದು ನಿರ್ಣಾಯಕ ಸಾಕ್ಷಿ. ಅದಕ್ಕಿಂತ ಹೆಚ್ಚಿನ ಹಕ್ಕು ಇಲ್ಲವೆಂದು ಅದು ಹೇಳುವುದಿಲ್ಲ. ಒಮ್ಮೆ ಸಾರ್ವಜನಿಕವಾದ ದಾರಿ ಕಾನೂನುಬದ್ಧವಾಗಿ ಮುಚ್ಚುವ ತನಕ ಸಾರ್ವಜನಿಕವೇ ಎಂಬ ತತ್ತ್ವ ಈ ದೇಶದ ನ್ಯಾಯಾಲಯಗಳಲ್ಲಿ ಹಳೆಯದು. ನಮ್ಮ ಕಡೆ ಹೊಲದ ತಕರಾರಿನಲ್ಲಿ ‘ನಕಾಶೆ ಕಂಡ ದಾರಿ’ ಎಂದರೆ ಮಾತು ಮುಗಿಯುತ್ತದೆ. ಇಲ್ಲಿ ನಕಾಶೆ ಕಾಣದ ಹಕ್ಕೂ ಬದುಕಿರಬಹುದು ಎಂಬುದು ನನಗೆ ಹೊಸ ತಿಳಿವಳಿಕೆ.

ನವೆಂಬರ್. ಕೌಂಟಿಯ ದಾಖಲಾಗಾರದಲ್ಲಿ ಮೂರು ದಿನ ಕುಳಿತೆ. 1836ರ ಕಾಯ್ದೆಯ ನಂತರ ತಯಾರಾದ ಟೈದ್ ನಕ್ಷೆಯಲ್ಲಿ ನಮ್ಮ ಓಣಿ ಕಂದು ಬಣ್ಣದಲ್ಲಿ, ಯಾವ ಸಂಖ್ಯೆಯೂ ಇಲ್ಲದೆ ಇದೆ. ಮೊದಲ ನೋಟಕ್ಕೆ ಹಿಗ್ಗಿದೆ, ಆದರೆ ಅದರ ಬೆಲೆ ಅಲ್ಪ. ಚರ್ಚಿಗೆ ಸಲ್ಲಬೇಕಾದ ದಶಾಂಶ ತೆರಿಗೆಯನ್ನು ನಿಗದಿಪಡಿಸಲು ಬರೆದ ಆ ನಕ್ಷೆಗೆ, ಬೆಳೆಯಿಲ್ಲದ ದಾರಿ ಸಾರ್ವಜನಿಕವೋ ಖಾಸಗಿಯೋ ಎಂಬುದು ಮುಖ್ಯವಾಗಿರಲಿಲ್ಲ. ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಹಳೆಯ ಹಾಳೆಗಳೂ ದಾರಿ ನೆಲದ ಮೇಲೆ ಇತ್ತು ಎಂಬುದನ್ನಷ್ಟೇ ಸಾಬೀತುಪಡಿಸುತ್ತವೆ. ಹಕ್ಕಿಗೆ ಇದು ಸಾಕ್ಷಿಯಲ್ಲ ಎಂದು ಆ ಸಂಸ್ಥೆಯೇ 19ನೇ ಶತಮಾನದ ಕೊನೆಯ ಭಾಗದಿಂದ ತನ್ನ ಹಾಳೆಗಳಲ್ಲಿ ಅಚ್ಚುಹಾಕಿದೆ.

ನಿಜವಾದ ನಿಧಿ ಸಿಕ್ಕಿದ್ದು ಮೂರನೆಯ ದಿನ ಮಧ್ಯಾಹ್ನ. ಊರಿನ ಸಾಮೂಹಿಕ ಭೂಮಿಯನ್ನು ಹಂಚಿ ಬೇಲಿ ಹಾಕಿಸಿದ ಕಮಿಷನರುಗಳ ತೀರ್ಪುಪತ್ರ, ಅಂದರೆ ಇನ್‌ಕ್ಲೋಷರ್ ಅವಾರ್ಡ್, ಹಳ್ಳದಿಂದ ಆಚೆಗೆ ‘12 ಅಡಿ ಅಗಲದ ಸಾರ್ವಜನಿಕ ಕುದುರೆದಾರಿ’ಯೊಂದನ್ನು ನಿಗದಿಪಡಿಸುತ್ತದೆ. ಆ ಸಾಲನ್ನು ನಾನು ನಾಲ್ಕು ಬಾರಿ ಓದಿದೆ. 1801ರ ಸಾಮಾನ್ಯ ಕಾಯ್ದೆಯ ಅಡಿಯಲ್ಲಿ ಕಮಿಷನರುಗಳಿಗೆ ಇಂಥ ದಾರಿಗಳನ್ನು ಸೃಷ್ಟಿಸುವ ಅಧಿಕಾರವೇ ಇರಲಿಲ್ಲವೆಂದು 1993ರಲ್ಲಿ ಒಂದು ತೀರ್ಪು ಬಂದು, ಎಷ್ಟೋ ಅರ್ಜಿಗಳಿಗೆ ಅದು ಅಡ್ಡಿಯಾಗಿತ್ತು; 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿದ್ದರಿಂದಲೇ ಈ ಹಾಳೆಗೆ ಇಂದು ಪೂರ್ಣ ಬಲವಿದೆ. ಆದರೆ ಆ ನಿಗದಿ ದಾರಿಯ ಮೊದಲ 700 ಮೀಟರಿಗೆ ಮಾತ್ರ ಅನ್ವಯಿಸುತ್ತದೆ. ಮುಂದಿನದು ಆಗಲೇ ಬೇಲಿ ಹಾಕಿದ್ದ ಹಳೆಯ ಹೊಲಗಳಾದ್ದರಿಂದ, ದಾರಿ ‘ಹಳೆಯ ಓಣಿಯನ್ನು ಸೇರುವ ತನಕ’ ಎಂದು ಹೇಳಿ ಪತ್ರ ನಿಲ್ಲುತ್ತದೆ. ಕುದುರೆಯೇರಿ ಬಂದವರನ್ನು ಹೊಲದ ನಡುವೆ ನಿಲ್ಲಿಸಲು ಯಾರೂ ದಾರಿ ಮಾಡಿಸುವುದಿಲ್ಲ ಎಂಬುದು ನನ್ನ ವಾದ; ಆದರೆ ಅದು ಊಹೆಯ ವಾದ, ದಾಖಲೆಯಲ್ಲ.

ಜನವರಿ. ಉಳಿದ ಭಾಗಕ್ಕಾಗಿ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಿ, 1910ರ ಹಣಕಾಸು ಕಾಯ್ದೆಯ ಭೂ ಮೌಲ್ಯಮಾಪನ ಪುಸ್ತಕವನ್ನು ತೆಗೆಸಿದೆ. ಆ ಜಮೀನಿನ ಮೌಲ್ಯದಿಂದ ಸಾರ್ವಜನಿಕ ದಾರಿಯ ಲೆಕ್ಕದಲ್ಲಿ ಸ್ವಲ್ಪ ಹಣ ಕಳೆದಿದ್ದಾರೆ, ಆದರೆ ಅದು ಕಾಲಿನ ದಾರಿಯೋ ಕುದುರೆಯ ದಾರಿಯೋ ಎಂದು ಬರೆದಿಲ್ಲ.

ಆದ್ದರಿಂದ ಬಳಕೆಯ ಸಾಕ್ಷ್ಯವೂ ಬೇಕಾಯಿತು. 1980ರ ಹೆದ್ದಾರಿ ಕಾಯ್ದೆಯ ಪ್ರಕಾರ, ಬಲವಂತವಿಲ್ಲದೆ, ಕದ್ದುಮುಚ್ಚದೆ, ಯಾರ ಅನುಮತಿಯನ್ನೂ ಪಡೆಯದೆ ಜನ 20 ವರ್ಷ ಸತತವಾಗಿ ಬಳಸಿದ ದಾರಿಯನ್ನು ಮಾಲೀಕರು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾರೆಂದು ಭಾವಿಸಲಾಗುತ್ತದೆ. ಆ 20 ವರ್ಷಗಳನ್ನು ಹಕ್ಕು ಪ್ರಶ್ನೆಗೆ ಒಳಗಾದ ದಿನದಿಂದ, ಇಲ್ಲಿ ಕಳೆದ ವರ್ಷ ಗೇಟಿಗೆ ಬೀಗ ಬಿದ್ದ ದಿನದಿಂದ, ಹಿಂದಕ್ಕೆ ಎಣಿಸಬೇಕು. ಒಂಬತ್ತು ಜನ ಹೇಳಿಕೆ ಕೊಟ್ಟಿದ್ದಾರೆ. ಎಲ್ಲರಿಗಿಂತ ಹಿರಿಯರಾದ ಅಜ್ಜಿಯೊಬ್ಬರು ಐವತ್ತು ವರ್ಷ ಅಲ್ಲಿ ಸವಾರಿ ಮಾಡಿದವರು, ಆದರೆ ಪ್ರತಿ ವಸಂತದಲ್ಲೂ ಹಳೆಯ ರೈತರನ್ನು ಕೇಳಿಯೇ ಹೋಗುತ್ತಿದ್ದೆ ಎಂದರು. ಅನುಮತಿ ಕೇಳಿದ ಬಳಕೆ ಲೆಕ್ಕಕ್ಕೆ ಬರುವುದಿಲ್ಲ. ಅವರ ಸೌಜನ್ಯವೇ ಅವರ ಸಾಕ್ಷ್ಯವನ್ನು ದುರ್ಬಲಗೊಳಿಸಿದ್ದು ನನಗೆ ನೋವುಂಟುಮಾಡಿತು. ಆದರೂ ಅವರು ಹೇಳಿದಂತೆಯೇ ಬರೆದುಕೊಂಡೆ.

ಮಾರ್ಚ್. ಕರಡಿನಿಂದ ಒಂದು ಇಡೀ ಪುಟವನ್ನು ತೆಗೆದುಹಾಕಿದೆ. ಹೆದ್ದಾರಿಯ ಅಪಾಯವನ್ನೂ, ನಮ್ಮ ಮಕ್ಕಳ ಕುದುರೆಗಳು ಲಾರಿಗಳಿಗೆ ಬೆಚ್ಚುವುದನ್ನೂ ಅದರಲ್ಲಿ ಮನಸ್ಸಿಟ್ಟು ಬರೆದಿದ್ದೆ. ಆದರೆ 1981ರ ಕಾಯ್ದೆಯಡಿ ಕೌಂಟಿ ಕೇಳಬೇಕಾದ ಪ್ರಶ್ನೆ ಒಂದೇ: ಹಕ್ಕು ಇದೆಯೇ, ಇಲ್ಲವೇ? ಸುರಕ್ಷತೆ, ಅನುಕೂಲ, ಅಗತ್ಯ ಯಾವುದಕ್ಕೂ ಅಲ್ಲಿ ಸ್ಥಾನವಿಲ್ಲ. ಮಾಲೀಕರ ಆತಂಕಗಳಿಗೂ ಅದೇ ನಿಯಮ ಅನ್ವಯಿಸುತ್ತದೆ. ಅವರ ಮುಖ್ಯ ಚಿಂತೆ ಮರಿ ಹಾಕುವ ಕಾಲದ ಕುರಿಗಳದು, ಮತ್ತು ಅದು ನ್ಯಾಯವಾದ ಚಿಂತೆ. ಆದ್ದರಿಂದ ನೋಟಿಸ್ ಕಳಿಸುವ ಮೊದಲೇ ಹೋಗಿ ಮಾತಾಡಿದೆ. ಕುದುರೆದಾರಿಯಾದರೂ ಅಲ್ಲಿ ಗೇಟು ಇರಬಹುದು, ಅದು ಐದು ಅಡಿಗಿಂತ ಕಿರಿದಾಗಿರಬಾರದು ಅಷ್ಟೇ ಎಂದು ತಿಳಿಸಿದೆ. ಅವರು ಒಪ್ಪಲಿಲ್ಲ, ಆದರೆ ಚಹಾ ಕೊಟ್ಟು ಕಳಿಸಿದರು.

1949ಕ್ಕಿಂತ ಹಿಂದಿನ ದಾಖಲಾಗದ ದಾರಿಗಳಿಗೆ 2000ದ ಕಾಯ್ದೆ 2026ರ ಜನವರಿ 1ರ ಗಡುವು ವಿಧಿಸಿತ್ತು. ಇಂಗ್ಲೆಂಡಿನಲ್ಲಿ ಅದನ್ನು 2031ಕ್ಕೆ ಮುಂದೂಡಿ, 2024ರ ಡಿಸೆಂಬರಿನಲ್ಲಿ ಸರ್ಕಾರ ಗಡುವನ್ನೇ ರದ್ದುಮಾಡುವುದಾಗಿ ಘೋಷಿಸಿತು. ಕಾಗದಗಳಿಗೆ ಇದರಿಂದ ಸಮಯ ಸಿಗುತ್ತದೆ, ಎಂಬತ್ತು ದಾಟಿದ ಸಾಕ್ಷಿಗಳಿಗೆ ಸಿಗುವುದಿಲ್ಲ. ಹಾಗಾಗಿ ನಾನು ಕಾಯುವುದಿಲ್ಲ.

ನಿನ್ನೆ ಟೇಪು ಹಿಡಿದು ಓಣಿಯನ್ನು ಅಳೆದೆ. 12 ಅಡಿ ಎಂದರೆ 3.66 ಮೀಟರ್, ಹಳ್ಳದ ಬಳಿ ಬೇಲಿ ಒಳಗೆ ಬೆಳೆದು 3.1 ಮೀಟರಿಗೆ ಇಳಿದಿದೆ, ಉಳಿದೆಡೆ ಅಳತೆ ಹೆಚ್ಚುಕಡಿಮೆ ಸರಿಯಾಗಿದೆ. 1:25,000 ಪ್ರಮಾಣದ ನಕ್ಷೆಯಲ್ಲಿ ದಾರಿಯನ್ನು ಗುರುತಿಸಿದ್ದೇನೆ. ಮಾಲೀಕರಿಗೂ ಗೇಣಿದಾರರಿಗೂ ನೋಟಿಸ್ ಈ ವಾರ ಹೋಗುತ್ತದೆ. ಅದರ ಪ್ರಮಾಣಪತ್ರ ಕೌಂಟಿಯನ್ನು ತಲುಪಿದ ದಿನದಿಂದ 12 ತಿಂಗಳಲ್ಲಿ ತೀರ್ಮಾನ ಬಾರದಿದ್ದರೆ, ಗಡುವು ವಿಧಿಸುವಂತೆ ಸಚಿವರನ್ನು ಕೋರುವ ಪತ್ರವನ್ನೂ ಬರೆದಿಟ್ಟಿದ್ದೇನೆ.