ಕುಂಟ ಅಡುಗೆಯವನ ಕಡೆಗೇ ಮನಸ್ಸು

ನಿನ್ನೆ ರಾತ್ರಿ ಕರೆಂಟ್ ಹೋಗಿತ್ತು. ಸುಮ್ನೆ ಮೊಬೈಲ್ ಬೆಳಕಲ್ಲಿ ಸ್ಟೀವನ್ಸನ್‌ನ ‘ಟ್ರೆಷರ್ ಐಲೆಂಡ್’ ತೆಗೆದೆ. 1883ರ ಕಾದಂಬರಿ, ನಿಧಿ ಹುಡುಕಿ ಹೊರಟ ಹಡಗಿನ ಕಥೆ. ಹೀರೋ ಜಿಮ್ ಇನ್ನೂ ಹುಡುಗ. ಹಡಗಿನ ಸೇಬಿನ ಪೀಪಾಯಿಯೊಳಗೆ ಕೂತಿರುತ್ತಾನೆ. ಆ ಪೀಪಾಯಿಗೇ ಬೆನ್ನು ಒರಗಿಸಿಕೊಂಡು ಹೊರಗೆ ಹಡಗಿನ ಅಡುಗೆಯವ ಲಾಂಗ್ ಜಾನ್ ಸಿಲ್ವರ್ ದಂಗೆಯ ಮಾತಾಡುತ್ತಿರುತ್ತಾನೆ. ಜಿಮ್‌ಗೆ ಜಾಸ್ತಿ ಉರಿದದ್ದು ಯಾವುದಕ್ಕೆ ಗೊತ್ತಾ? ತನ್ನನ್ನು ಹೊಗಳಿದ್ದ ಮಾತುಗಳನ್ನೇ ಸಿಲ್ವರ್ ಇನ್ನೊಬ್ಬ ಹುಡುಗನಿಗೂ ಹೇಳುತ್ತಿದ್ದ! ಅಲ್ಲಿ ನನಗೂ ಚುರುಕ್ ಅಂತು.

ಆದರೂ ಒಂಟಿಕಾಲು, ಊರುಗೋಲು, ಹೆಗಲ ಮೇಲಿನ ಗಿಳಿ, ಬೆಣ್ಣೆಯಂಥ ಮಾತು... ವಿಲನ್‌ಗೆ ಇಷ್ಟೆಲ್ಲಾ ಕೊಟ್ಟರೆ ಹೇಗೆ? ಜಿಮ್ ಕಡೆಯ ಡಾಕ್ಟರ್ ಲಿವ್ಸೀ ಪಾಪ, ಬಲು ಒಳ್ಳೆಯವರು. ಓದಿ ಮುಗಿಸಿದ ಮೇಲೆ ನೆನಪಿಗೇ ಬರಲ್ಲ.

ಕೊನೆಗೆ ಸಿಲ್ವರ್ ನಾಣ್ಯದ ಚೀಲ ಹೊತ್ತು ಪರಾರಿಯಾಗುತ್ತಾನೆ. ಕಥೆ ಗೊತ್ತಿದ್ದರೂ, ಎಲ್ಲಿ ಸಿಕ್ಕಿಬೀಳುತ್ತಾನೋ ಅಂತ ಈ ಸಲವೂ ಭಯವಾಯ್ತು.