ಕಡ್ಡಿ ಫುಲ್ ಇದ್ದರೂ ಮಾತು ಯಾಕೆ ಕೇಳಿಸುವುದಿಲ್ಲ

"ಅಣ್ಣಾರ, ಕಡ್ಡಿ ಫುಲ್ ಅದಾವು, ಆದ್ರ ಮಾತ ಕೇಳ್ಸವಲ್ತು." ವಿಜಯಪುರ, ಬಾಗಲಕೋಟೆ ಕಡೆ ಮೊಬೈಲ್ ಟವರ್ ಕೆಲಸ ಮಾಡುವ ನಮಗೆ ಜಾಸ್ತಿ ಬರುವ ದೂರು ಇದೇ. ಸಿಗ್ನಲ್ಲೇ ಇಲ್ಲ ಅನ್ನುವವರಿಗಿಂತ, ಸಿಗ್ನಲ್ ಇದ್ದೂ ಕೆಲಸ ಆಗ್ತಿಲ್ಲ ಅನ್ನುವವರು ಹೆಚ್ಚು. ಎಲ್ಲರೂ ಕೇಳುವುದು ಒಂದೇ: ಪವರ್ ಜಾಸ್ತಿ ಮಾಡಿ, ಇಲ್ಲವೇ ಇನ್ನೊಂದು ಟವರ್ ಹಾಕಿ. ಬಹಳ ಸಲ ಬೇಕಾಗಿರುವುದು ಅದಲ್ಲ. ಗದ್ದಲ, ಅಂದರೆ ನಿಮ್ಮ ಸಿಗ್ನಲ್ಲಿಗೆ ಅಡ್ಡ ಬರುವ ಬೇರೆ ರೇಡಿಯೊ ಅಲೆಗಳು, ಕಡಿಮೆ ಆಗಬೇಕು.

ಫೋನಿನ ಪರದೆಯ ಮೇಲಿನ ಸಿಗ್ನಲ್ ಕಡ್ಡಿ ತೋರಿಸುವುದು ಟವರಿನ ಸಿಗ್ನಲ್ ಎಷ್ಟು ಜೋರಾಗಿ ಬರುತ್ತಿದೆ ಅನ್ನುವುದನ್ನು. 4ಜಿಯಲ್ಲಿ ಆ ಅಳತೆಗೆ ಆರ್‌ಎಸ್‌ಆರ್‌ಪಿ ಅಂತಾರೆ, ಮೈನಸ್ ಲೆಕ್ಕದಲ್ಲಿ ಬರುತ್ತದೆ. ಮೈನಸ್ 80 ಡಿಬಿಎಂ (ಸಿಗ್ನಲ್ ಶಕ್ತಿ ಅಳೆಯುವ ಮಾನ) ಇದ್ದರೆ ಚೆನ್ನಾಗಿದೆ, ಮೈನಸ್ 100 ಪರವಾಗಿಲ್ಲ, ಮೈನಸ್ 115 ದಾಟಿತು ಅಂದರೆ ಕಾಲ್ ಕಟ್ ಆಗುವ ಹಂತ. ಇಲ್ಲಿ 10 ಅಂಕಿ ಇಳಿದರೆ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ 80ಕ್ಕೂ 100ಕ್ಕೂ ನೂರು ಪಟ್ಟು ವ್ಯತ್ಯಾಸ. ಆದರೆ ಮಾತು ಕೇಳಿಸುತ್ತದೋ ಇಲ್ಲವೋ ಅನ್ನುವುದು ಇನ್ನೊಂದು ಅಂಕಿಯ ಕೈಯಲ್ಲಿದೆ. ಅದು ಎಸ್‌ಐಎನ್‌ಆರ್. ನಮಗೆ ಬೇಕಾದ ಸಿಗ್ನಲ್ ಸುತ್ತಲಿನ ಗದ್ದಲಕ್ಕಿಂತ ಎಷ್ಟು ಮೇಲಿದೆ ಅನ್ನುವ ಲೆಕ್ಕ. 20 ದಾಟಿದರೆ ಭರ್ಜರಿ. 10ರ ಆಸುಪಾಸು ಇದ್ದರೆ ನಡೆಯುತ್ತದೆ. ಸೊನ್ನೆಗೆ ಬಂತು ಅಂದರೆ ಸಿಗ್ನಲ್ಲೂ ಗದ್ದಲವೂ ಸಮ ಸಮ, ಆಗ ಕಡ್ಡಿ ಎಷ್ಟಿದ್ದು ಏನು ಮಾಡೋದು? ನೆಟ್‌ಮಾನ್‌ಸ್ಟರ್ ಥರದ ಆ್ಯಪ್ ಹಾಕಿಕೊಂಡರೆ ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಎರಡೂ ಅಂಕಿ ಕಾಣುತ್ತವೆ. ಒಮ್ಮೆ ನೋಡಿ.

ಗದ್ದಲ ಎಲ್ಲಿಂದ ಬರುತ್ತದೆ? ಮೊದಲನೆಯದಾಗಿ ನಮ್ಮ ಟವರುಗಳಿಂದಲೇ. 2ಜಿ ಕಾಲದಲ್ಲಿ ಅಕ್ಕಪಕ್ಕದ ಟವರುಗಳಿಗೆ ಬೇರೆ ಬೇರೆ ಫ್ರೀಕ್ವೆನ್ಸಿ ಹಂಚುತ್ತಿದ್ದರು. 4ಜಿಯಲ್ಲಿ ಸಾಮಾನ್ಯವಾಗಿ ಒಂದು ಕಂಪನಿಯ ಟವರುಗಳೆಲ್ಲ ಅದದೇ ಫ್ರೀಕ್ವೆನ್ಸಿ ಬಳಸುತ್ತವೆ. ಹಾಗಾಗಿ ಮೂರು ಟವರಿನ ಸಿಗ್ನಲ್ ಒಂದೇ ಜಾಗಕ್ಕೆ ಒಂದೇ ಜೋರಿನಲ್ಲಿ ಬಂದರೆ ಒಂದು ನಿಮ್ಮದು, ಉಳಿದ ಎರಡು ಗದ್ದಲ.

ಆಲಮಟ್ಟಿ ಹಿನ್ನೀರಿನ ದಡದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ನೀರಿನ ಮೇಲೆ ಮನೆಯಿಲ್ಲ, ಗಿಡವಿಲ್ಲ, ಗುಡ್ಡವಿಲ್ಲ, ಆ ದಡದ ಟವರಿನ ಸಿಗ್ನಲ್ ಎಲ್ಲೂ ತಡೆಯಿಲ್ಲದೆ ಈ ದಡಕ್ಕೆ ಬಂದು ಬೀಳುತ್ತದೆ, ಫೋನು ಹತ್ತಿರದ ಟವರ್ ಬಿಟ್ಟು ಅದಕ್ಕೆ ಅಂಟಿಕೊಳ್ಳುತ್ತದೆ. ಟವರ್ ಬಿಡುವುದು ಹತ್ತಾರು ವ್ಯಾಟ್. ನಮ್ಮ ಫೋನು ಬಿಡುವುದು ಹೆಚ್ಚೆಂದರೆ 200 ಮಿಲಿವ್ಯಾಟ್. ಅದು ಹೇಳಿದ್ದು ನಮಗೆ ಕೇಳುತ್ತದೆ, ನಾವು ಹೇಳಿದ್ದು ಅದಕ್ಕೆ ತಲುಪುವುದಿಲ್ಲ. ಇಂಥ ಕಡೆ ನಾವು ಮಾಡುವುದು ಆಂಟೆನಾವನ್ನು ಕೆಲವು ಡಿಗ್ರಿ ಕೆಳಗೆ ಬಾಗಿಸುವುದು. ಟಿಲ್ಟ್ ಅಂತೀವಿ. ದೂರಕ್ಕೆ ಹೋಗುವ ಸಿಗ್ನಲ್ ಕಡಿಮೆ ಮಾಡಿದ್ದಕ್ಕೆ ನೆಟ್‌ವರ್ಕ್ ಸುಧಾರಿಸಿತು ಅಂದರೆ ಜನ ನಂಬುವುದೇ ಇಲ್ಲ. ಆದರೆ ಸರಿಯಾಗಿ ಮಾಡಿದ ಟಿಲ್ಟ್ ಹೊಸ ಟವರಿಗಿಂತ ಹೆಚ್ಚು ಕೆಲಸ ಮಾಡಿದ್ದನ್ನು ನಾನು ಕಂಡಿದ್ದೇನೆ.

ನಿಪ್ಪಾಣಿ, ಕಾಗವಾಡ, ಅಥಣಿ ಕಡೆಯವರದು ಬೇರೆ ಕಷ್ಟ. ಫ್ರೀಕ್ವೆನ್ಸಿ ಹರಾಜಾಗುವುದು ಟೆಲಿಕಾಂ ಸರ್ಕಲ್, ಅಂದರೆ ಹೆಚ್ಚುಕಡಿಮೆ ರಾಜ್ಯದ ಲೆಕ್ಕದಲ್ಲಿ. ಕರ್ನಾಟಕದಲ್ಲಿ ಒಂದು ಕಂಪನಿಯ ಕೈಯಲ್ಲಿರುವ ಫ್ರೀಕ್ವೆನ್ಸಿ ಮಹಾರಾಷ್ಟ್ರದಲ್ಲಿ ಇನ್ನೊಂದು ಕಂಪನಿಯ ಹತ್ತಿರ ಇರಬಹುದು. ರೇಡಿಯೊ ಅಲೆಗೆ ಗಡಿ ಗೊತ್ತಿಲ್ವಲ್ಲ. ಎರಡೂ ಕಡೆಯ ಎಂಜಿನಿಯರುಗಳು ಕೂತು ಮಾತಾಡಿ ಸರಿ ಮಾಡಿಕೊಳ್ಳಬೇಕು, ಬೇರೆ ದಾರಿ ಇಲ್ಲ. ಇನ್ನು ಮುಧೋಳ, ಜಮಖಂಡಿ ಕಡೆ ಕಬ್ಬು ಆಳೆತ್ತರ ದಾಟಿದ ಮೇಲೆ ಹೊಲದ ಮನೆಗಳಲ್ಲಿ ಸಿಗ್ನಲ್ ಇಳಿಯುವುದೂ ನಿಜ. ಎಲೆಯಲ್ಲಿರುವ ನೀರು ಅದನ್ನು ಹೀರುತ್ತದೆ. 900 ಮೆಗಾಹರ್ಟ್ಸ್ ಫ್ರೀಕ್ವೆನ್ಸಿಗಿಂತ 2300 ಮೆಗಾಹರ್ಟ್ಸ್‌ಗೆ ಹೊಡೆತ ಜಾಸ್ತಿ.

ನನಗೆ ನಿಜವಾಗಿ ಸಂಕಟ ಆಗುವುದು ಸಿಗ್ನಲ್ ಹೆಚ್ಚಿಸಲು ಹಾಕಿಸುವ ಬೂಸ್ಟರ್ ವಿಷಯದಲ್ಲಿ. ಮನೆಯ ಮೇಲೆ ಒಂದು ಆಂಟೆನಾ, ನಡುವೆ ಒಂದು ಡಬ್ಬಿ, ಒಳಗೆ ಇನ್ನೊಂದು ಆಂಟೆನಾ. ಆನ್‌ಲೈನಿನಲ್ಲೂ ಮಾರಿದ್ದಾರೆ, ಅಂಗಡಿಯಲ್ಲೂ ಕೊಡುತ್ತಾರೆ. ಅಗ್ಗದ ಡಬ್ಬಿಗೆ ಸಿಗ್ನಲ್ ಯಾವುದು, ಗದ್ದಲ ಯಾವುದು ಗೊತ್ತಾಗುವುದಿಲ್ಲ. ಎರಡನ್ನೂ ದೊಡ್ಡದು ಮಾಡಿ ಟವರಿನ ಕಡೆ ಎಸೆಯುತ್ತದೆ, ಯಾರೂ ಫೋನ್ ಮಾಡದಿದ್ದಾಗಲೂ. ಎರಡು ಆಂಟೆನಾ ಹತ್ತಿರ ಇದ್ದರಂತೂ ಮುಗಿಯಿತು, ಜಾತ್ರೆಯಲ್ಲಿ ಮೈಕು ಸ್ಪೀಕರಿನ ಎದುರು ಬಂದಾಗ ಕೀ ಅಂತ ಕೂಗುತ್ತದಲ್ಲ, ಅದೇ ಕೂಗು ರೇಡಿಯೊದಲ್ಲಿ ಶುರುವಾಗುತ್ತದೆ. 900 ಬ್ಯಾಂಡಿನಲ್ಲಿ (900 ಮೆಗಾಹರ್ಟ್ಸ್ ಆಸುಪಾಸಿನ ಫ್ರೀಕ್ವೆನ್ಸಿಗಳ ಗುಂಪು) 890ರಿಂದ 915 ಮೆಗಾಹರ್ಟ್ಸ್‌ವರೆಗೆ ಫೋನುಗಳು ಮಾತಾಡುತ್ತವೆ, ಟವರ್ ಕೇಳಿಸಿಕೊಳ್ಳುತ್ತದೆ. ಅಲ್ಲಿ ಈ ಕೂಗು ತುಂಬಿದರೆ ಇಡೀ ಓಣಿಯ ಫೋನುಗಳು ಟವರಿಗೆ ಕೇಳಿಸುವುದಿಲ್ಲ. ಕಡ್ಡಿ ಮಾತ್ರ ಫುಲ್, ಯಾಕಂದರೆ ಟವರಿನ ಸಿಗ್ನಲ್ ಬೇರೆ ಫ್ರೀಕ್ವೆನ್ಸಿಯಲ್ಲಿ ಆರಾಮಾಗಿ ಬರುತ್ತಿದೆ.

ಒಂದು ಊರಲ್ಲಿ ಹೀಗೇ ಆಗಿತ್ತು. ಟವರಿನಲ್ಲಿ ಏನೂ ದೋಷ ಇಲ್ಲ. ಟವರಿಗೆ ಬರುವ ಗದ್ದಲದ ಗ್ರಾಫ್ ನೋಡಿದರೆ ಕರೆಂಟ್ ಹೋದ ಹೊತ್ತಿನಲ್ಲೆಲ್ಲ ಗದ್ದಲ ಪೂರ್ತಿ ಮಾಯ, ಟವರಿಗೆ ಬ್ಯಾಟರಿ ಇರುವುದರಿಂದ ಅದು ನಡೆಯುತ್ತಲೇ ಇದೆ. ಅಂದರೆ ಕರೆಂಟಿನ ಮೇಲೆ ಓಡುವ ಯಾವುದೋ ಯಂತ್ರ. ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ತೋರಿಸುವ ಸ್ಪೆಕ್ಟ್ರಮ್ ಅನಲೈಸರಿಗೆ ದಿಕ್ಕು ಹಿಡಿಯುವ ಆಂಟೆನಾ ಸಿಕ್ಕಿಸಿಕೊಂಡು ಓಣಿ ಓಣಿ ತಿರುಗಿ ಕೊನೆಗೆ ಒಂದು ಮನೆ ಸಿಕ್ಕಿತು. ಗೋಡೆ ಎರಡು ಅಡಿ ದಪ್ಪ, ಕಲ್ಲಿನದು, ಒಳಗೆ ಸಿಗ್ನಲ್ ಹೋಗುವುದಾದರೂ ಹೇಗೆ? ವಯಸ್ಸಾದ ಯಜಮಾನರು, ಮಗ ಪುಣೆಯಲ್ಲಿ. "ಮಗನ ಜೋಡಿ ಮಾತಾಡ್ಲಿಕ್ಕಂತ ಹಾಕ್ಸೀನ್ರಿ, ಮಂದಿಗಿ ತ್ರಾಸ ಆಗ್ತದಂತ ಯಾರೂ ಹೇಳ್ಲಿಲ್ರಿ" ಅಂದರು. ಅವರ ಮೇಲೆ ಹೇಗೆ ಸಿಟ್ಟಾಗುವುದು? ಮಾರಿದವರಿಗೆ ಗೊತ್ತಿತ್ತಲ್ಲ. ಪರವಾನಗಿ ಇಲ್ಲದೆ ಬೂಸ್ಟರ್ ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. 2022ರಲ್ಲಿ ದೂರಸಂಪರ್ಕ ಇಲಾಖೆ ಆನ್‌ಲೈನ್ ಮಾರಾಟದವರಿಗೂ ಇದನ್ನು ಹೇಳಿದೆ.

ನಮ್ಮ ಕಡೆಯ ದೋಷಗಳೂ ಇರುತ್ತವೆ, ಅದನ್ನೂ ಹೇಳಬೇಕು. ಸಡಿಲ ಕನೆಕ್ಟರ್, ನೀರು ಹೋದ ಕೇಬಲ್, ಆಂಟೆನಾ ಎದುರು ತುಕ್ಕು ಹಿಡಿದ ತಗಡು. ತುಕ್ಕು ಹಿಡಿದ ಲೋಹದ ಮೇಲೆ ಎರಡು ಫ್ರೀಕ್ವೆನ್ಸಿ ಬಿದ್ದಾಗ ಬೆರೆತು ಮೂರನೆಯದು ಹುಟ್ಟುತ್ತದೆ, ಅದು ಟವರ್ ಕೇಳಿಸಿಕೊಳ್ಳುವ ಜಾಗದಲ್ಲಿ ಬಿದ್ದರೆ ಮತ್ತೆ ಅದೇ ಕಥೆ. ಪಾನಾ ಹಿಡಿದು ಸರಿಯಾಗಿ ಬಿಗಿ ಮಾಡಿದರೆ ಹೋಗುವ ಸಮಸ್ಯೆಗೆ ತಿಂಗಳುಗಟ್ಟಲೆ ಜನ ಕಾಯುವುದು ನನಗೆ ಸರಿ ಅನಿಸುವುದಿಲ್ಲ.

ಮನೆಯೊಳಗೆ ಮಾತ್ರ ತೊಂದರೆ ಇದ್ದು, ಬ್ರಾಡ್‌ಬ್ಯಾಂಡ್ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೊ 2020ರ ಜನವರಿಯಲ್ಲಿ ಶುರು ಮಾಡಿವೆ. ಬೇರೆ ದುಡ್ಡಿಲ್ಲ, ಸೆಟ್ಟಿಂಗ್ಸಿನಲ್ಲಿ ಒಂದು ಬಟನ್ ಅಷ್ಟೇ. ಆ ಯಜಮಾನರಿಗೂ ನಾವು ಅದನ್ನೇ ಮಾಡಿಕೊಟ್ಟೆವು. ದೊಡ್ಡ ಕಟ್ಟಡವಾದರೆ ಕಂಪನಿಯವರಿಗೇ ರಿಪೀಟರ್ (ಸಿಗ್ನಲ್ ಹಿಡಿದು ಜೋರು ಮಾಡಿ ಒಳಗೆ ಬಿಡುವ ಯಂತ್ರ) ಹಾಕಿಕೊಡಿ ಅಂತ ಕೇಳಿ, ಅವರು ಅಳತೆ ಮಾಡಿ ಹಾಕುತ್ತಾರೆ. ತಗಡಿನ ಮಾಳಿಗೆ ಇದ್ದರೆ ಕಿಟಕಿ ಹತ್ತಿರ ಬನ್ನಿ.

ದೂರು ಕೊಡುವಾಗ ಸುಮ್ನೆ "ನೆಟ್‌ವರ್ಕ್ ಇಲ್ಲ" ಅಂತ ಬರೆಯಬೇಡಿ, ದಯವಿಟ್ಟು. ಯಾವ ಓಣಿ, ಯಾವ ಹೊತ್ತು, ಮನೆಯೊಳಗಾ ಹೊರಗಾ, ಆ್ಯಪಿನ ಆ ಎರಡು ಅಂಕಿ ಎಷ್ಟು, ಇಷ್ಟು ಬರೆಯಿರಿ. ದೂರಿಗೆ ಕೊಡುವ ಡಾಕೆಟ್ ನಂಬರ್ ಇಟ್ಟುಕೊಳ್ಳಿ, ಸರಿಯಾಗದಿದ್ದರೆ ಅದೇ ನಂಬರ್ ಹಿಡಿದು ಕಂಪನಿಯ ಮೇಲ್ಮನವಿ ವಿಭಾಗಕ್ಕೆ ಹೋಗಿ. ಕರೆಂಟ್ ಹೋದಾಗ ನೆಟ್‌ವರ್ಕ್ ಸರಿ ಹೋಗುತ್ತದೆ ಅನಿಸಿದ್ದರೆ ಅದನ್ನೂ ತಪ್ಪದೆ ಬರೆಯಿರಿ. ಆ ಒಂದು ಸಾಲು ಇದ್ದರೆ ಟವರ್ ಹತ್ತುವ ಮೊದಲೇ ಅನಲೈಸರ್ ಹಿಡಿದು ನಿಮ್ಮ ಓಣಿಗೆ ಬರುತ್ತೇವೆ.