ಪಿಕಪ್ ಇಲ್ಲ ಎಂದವರ ಬ್ರೇಕ್ ನೋಡಿ

ಗೋಣಿಕೊಪ್ಪಲಿನ ನನ್ನ ವರ್ಕ್‌ಶಾಪಿಗೆ ಬರುವ ಸ್ಪೋರ್ಟ್ಸ್ ಬೈಕುಗಳ ಮಾಲೀಕರು ಹೇಳುವ ದೂರು ಹೆಚ್ಚಾಗಿ ಒಂದೇ: ‘ಪಿಕಪ್ ಸಾಲುತ್ತಿಲ್ಲ.’ ಎಂಜಿನ್ನಿಗೆ ಕೈಹಾಕುವ ಮೊದಲು ನಾನು ಮುಂದಿನ ಬ್ರೇಕಿನ ಲಿವರ್ ಹಿಡಿದು ನೋಡುತ್ತೇನೆ. ಅದು ಮೆತ್ತಗೆ ಹ್ಯಾಂಡಲ್‌ವರೆಗೂ ಬಂದುಬಿಟ್ಟರೆ ಪಿಕಪ್ ಎಲ್ಲಿಗೆ ಹೋಯಿತೆಂಬುದು ಅರ್ಧ ಗೊತ್ತಾದಂತೆಯೇ. ಬೈಕ್ ನಿಲ್ಲುತ್ತದೆ ಎಂಬ ಧೈರ್ಯವಿಲ್ಲದ ಕೈ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸುವುದಿಲ್ಲ. ತಿರುವು ಬರುವುದಕ್ಕೆ ಬಹಳ ಮೊದಲೇ ಬಿಟ್ಟುಬಿಡುತ್ತದೆ, ತಿರುವು ದಾಟಿದ ಮೇಲೂ ಹಿಂಜರಿಯುತ್ತದೆ. ಸವಾರನಿಗೆ ಅದೆಲ್ಲ ಎಂಜಿನ್ನಿನ ಸುಸ್ತಾಗಿ ಕಾಣುತ್ತದೆ.

ನಾನು ಇದನ್ನು ಕಲಿತದ್ದು ರೇಸಿನ ಪಿಟ್‌ಗಳಲ್ಲಿ, ಅಂದರೆ ಟ್ರ್ಯಾಕಿನ ಪಕ್ಕ ಬೈಕುಗಳನ್ನು ಸಿದ್ಧಪಡಿಸುವ ಜಾಗದಲ್ಲಿ. ವರ್ಕ್‌ಶಾಪ್ ತೆರೆಯುವ ಮುಂಚೆ ರೇಸ್ ತಂಡವೊಂದರ ಜೊತೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೂ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೂ ಹೋಗುತ್ತಿದ್ದೆ. ಚೆನ್ನೈನ ಟ್ರ್ಯಾಕ್ 3.7 ಕಿಲೋಮೀಟರ್ ಉದ್ದ, 12 ತಿರುವು. ಕೊಯಮತ್ತೂರಿನದು 2.1 ಕಿಲೋಮೀಟರಿನ ಚಿಕ್ಕ ಟ್ರ್ಯಾಕ್. ಒಂದು ತಿರುವಿನಿಂದ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಅಭ್ಯಾಸದ ಸುತ್ತು ಮುಗಿಸಿ ಸವಾರ ಒಳಗೆ ಬಂದಾಗ ಸುತ್ತಲಿದ್ದವರೆಲ್ಲ ಎಷ್ಟು ಸ್ಪೀಡ್ ಬಂತು ಎಂದು ಕೇಳುತ್ತಿದ್ದರು. ನನಗೆ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್ ಮಾತ್ರ ಕೇಳುತ್ತಿದ್ದದ್ದು ಬೇರೆ: ‘ಎಲ್ಲಿ ಬ್ರೇಕ್ ಹಿಡಿದೆ? ಹಿಡಿದಾಗ ಕೈಗೆ ಏನು ಗೊತ್ತಾಯಿತು?’ ಮುಂದಿನ ಸುತ್ತಿಗೆ ಬೈಕಿನಲ್ಲಿ ಏನು ಬದಲಿಸಬೇಕೆಂದು ಆ ಉತ್ತರವೇ ತೀರ್ಮಾನಿಸುತ್ತಿತ್ತು.

ಉತ್ತರ ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಅವರ ಬಳಿ ಒಂದು ಸಾಧನವಿತ್ತು. ವೈರು ಕಟ್ಟುವ ಪ್ಲಾಸ್ಟಿಕ್ ಟೈ. ಮುಂದಿನ ಚಕ್ರವನ್ನು ಹಿಡಿದಿರುವ, ಒಳಗೆ ಸ್ಪ್ರಿಂಗ್ ಇರುವ ಫೋರ್ಕಿನ ಹೊಳೆಯುವ ಕೊಳವೆಗೆ ಅದನ್ನು ಸುತ್ತಿ ಅದರ ರಬ್ಬರ್ ಸೀಲಿಗೆ ತಾಗುವಂತೆ ಸರಿಸಿಡುತ್ತಿದ್ದರು. ಬ್ರೇಕ್ ಹಿಡಿದಾಗ ಫೋರ್ಕ್ ಎಷ್ಟು ಕುಗ್ಗುತ್ತದೋ ಅಷ್ಟು ದೂರಕ್ಕೆ ಆ ಟೈ ಸರಿದು ಅಲ್ಲೇ ನಿಂತಿರುತ್ತದೆ. ತುದಿಯವರೆಗೂ ಹೋಗಿದ್ದರೆ ಸ್ಪ್ರಿಂಗ್ ಆ ಸವಾರನ ಭಾರಕ್ಕೆ ಸಾಲದು. ಅರ್ಧದಲ್ಲೇ ನಿಂತಿದ್ದರೆ ಸ್ಪ್ರಿಂಗ್ ಬಿಗಿ, ಇಲ್ಲವೇ ಸವಾರನೇ ಬ್ರೇಕಿಗೆ ಹೆದರುತ್ತಿದ್ದಾನೆ. ಸವಾರ ಹೇಳಿಕೊಳ್ಳಲು ಸಂಕೋಚಪಡುವುದನ್ನು ಆ ಟೈ ಹೇಳುತ್ತಿತ್ತು. ಇಂದಿಗೂ ನನ್ನಲ್ಲಿಗೆ ಬರುವ ಪ್ರತಿ ಸ್ಪೋರ್ಟ್ಸ್ ಬೈಕಿಗೂ ಒಂದು ಟೈ ಕಟ್ಟಿ, ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲದ ಮೇಲೆ ಕುಟ್ಟದವರೆಗೆ ಹೋಗಿ ಬನ್ನಿ ಎಂದು ಮಾಲೀಕರನ್ನೇ ಕಳುಹಿಸುತ್ತೇನೆ.

ರೇಸಿನ ರೋಮಾಂಚನವೆಂದರೆ ನೇರ ರಸ್ತೆಯ ವೇಗ ಎಂದು ಹೊರಗಿನವರು ತಿಳಿಯುತ್ತಾರೆ. ನೇರದಲ್ಲಿ ಟ್ಯಾಂಕಿಗೆ ಎದೆಯೊತ್ತಿ ಮಲಗಿಕೊಂಡರೆ ಮುಗಿಯಿತು, ಸವಾರನಿಗೆ ಕೆಲಸವೇ ಕಡಿಮೆ. ನಿಜವಾದ ಝಲ್ಲೆನ್ನುವಿಕೆ ನೇರ ಮುಗಿಯುವ ಕಡೆ ಇದೆ. ದೂರ ತೋರಿಸುವ ಫಲಕಗಳು ನುಗ್ಗಿ ಬರುತ್ತವೆ, ಪಕ್ಕದವನು ಇನ್ನೂ ಬ್ರೇಕ್ ಹಿಡಿದಿಲ್ಲ, ನೀವೂ ಹಿಡಿದಿಲ್ಲ. ಕೊನೆಗೆ ಎರಡು ಬೆರಳು ಲಿವರಿನ ಮೇಲೆ ಬರುತ್ತವೆ. ಇಡೀ ಬೈಕಿನ ಭಾರ ಅಂಗೈಯಷ್ಟು ರಬ್ಬರಿನ ಮೇಲೆ ಬಂದು ಕೂರುತ್ತದೆ, ಹಿಂದಿನ ಚಕ್ರ ನೆಲ ಬಿಡಲು ಹವಣಿಸುತ್ತದೆ. ಅಲ್ಲಿಂದ ಬ್ರೇಕನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾ ಮೊಣಕಾಲು ತೆರೆದು ತಿರುವಿನೊಳಗೆ ಬಾಗಬೇಕು. ಆ ಎರಡು ಮೂರು ಕ್ಷಣಗಳಿಗಾಗಿ ಜನ ವರ್ಷದ ಉಳಿತಾಯವನ್ನೆಲ್ಲ ಟೈರಿಗೆ ಸುರಿಯುತ್ತಾರೆ. ಅವರನ್ನು ನಾನು ಪೂರ್ತಿ ಅರ್ಥಮಾಡಿಕೊಳ್ಳುತ್ತೇನೆ. 2023ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕೀಟಿನಲ್ಲಿ ಭಾರತದ ಮೊದಲ ಮೋಟೋಜಿಪಿ ಬೈಕ್ ರೇಸ್ ನಡೆದು ಮಾರ್ಕೊ ಬೆಜೆಕ್ಕಿ ಗೆದ್ದಾಗಲೂ, ನಾನು ಕಣ್ಣಿಟ್ಟು ಕೂತದ್ದು ಆ ಉದ್ದನೆಯ ನೇರದ ತುದಿಯ ಮೇಲೆ.

ಆ ಹಿರಿಯ ಮೆಕ್ಯಾನಿಕ್ ಹೇಳುತ್ತಿದ್ದ ಇನ್ನೊಂದು ಮಾತು: ‘ಮೊದಲು ಭಾರ ಕೂರಿಸು, ಆಮೇಲೆ ಹಿಂಡು.’ ಲಿವರನ್ನು ಥಟ್ಟನೆ ಎಳೆದರೆ ಭಾರ ಮುಂದಕ್ಕೆ ಬರುವ ಮೊದಲೇ ಟೈರ್ ಜಾರಬಹುದು. ಮೆಲ್ಲಗೆ ಆರಂಭಿಸಿದರೆ ಫೋರ್ಕ್ ಕುಗ್ಗಿ, ಟೈರ್ ನೆಲಕ್ಕೆ ಒತ್ತಿಕೊಂಡು, ಹಿಡಿತ ಹೆಚ್ಚುತ್ತದೆ. ಆಗ ಇನ್ನಷ್ಟು ಬಲವಾಗಿ ಹಿಂಡಿದರೂ ತಾಳುತ್ತದೆ. ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇದ್ದರೂ ಈ ಕ್ರಮ ಬದಲಾಗುವುದಿಲ್ಲ.

ಈಗ ಕೊಡಗಿನ ರಸ್ತೆಗೆ ಬರೋಣ. 1000 ಸಿಸಿಯ ಸೂಪರ್‌ಸ್ಪೋರ್ಟ್ ಬೈಕುಗಳಿಗೆ ಸುಮಾರು 200 ಹಾರ್ಸ್‌ಪವರ್ ಇರುತ್ತದೆ, ಮೊದಲ ಗೇರಿನಲ್ಲಿಯೇ ಅವು ಗಂಟೆಗೆ ನೂರು ಕಿಲೋಮೀಟರನ್ನು ಸಲೀಸಾಗಿ ದಾಟುತ್ತವೆ. ನಮ್ಮ ತೋಟಗಳ ನಡುವಿನ ರಸ್ತೆಯಲ್ಲಿ ಎರಡನೆಯ ಗೇರಿನ ಅಗತ್ಯವೇ ಬೀಳದು. ಕಾಫಿ ಗಿಡ, ಸಿಲ್ವರ್ ಓಕ್ ಮರಗಳು ತಿರುವಿನ ಒಳಮೈಯನ್ನು ಮುಚ್ಚಿರುತ್ತವೆ. ಆಚೆ ಬದಿಯಲ್ಲಿ ಕಾರ್ಮಿಕರನ್ನು ತುಂಬಿಕೊಂಡ ಜೀಪು ಇರಬಹುದು, ಆನೆಯೂ ಇರಬಹುದು. ಗಂಟೆಗೆ 60 ಕಿಲೋಮೀಟರಿನಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತೇವೆ. ಬೆಚ್ಚಿ ಬ್ರೇಕಿಗೆ ಕೈ ಹೋಗುವಷ್ಟರಲ್ಲಿ ಅದು ಕಳೆದಿರುತ್ತದೆ. ಒಣ ಡಾಂಬರಿನಲ್ಲಿ ನಿಲ್ಲಲು ಇನ್ನೂ 20 ಮೀಟರ್ ಬೇಕು. ನೂರರಲ್ಲಿ ಇದೇ ಲೆಕ್ಕ ಒಟ್ಟು 80 ಮೀಟರನ್ನು ಮೀರುತ್ತದೆ. ಅಷ್ಟು ದೂರ ಕಣ್ಣಿಗೆ ಕಾಣುವ ತಿರುವು ಇಲ್ಲಿ ಎಷ್ಟಿವೆ? ಟ್ರ್ಯಾಕಿನಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ಅಪಾಯವಿದ್ದರೆ ಮಾರ್ಷಲ್ ಹಳದಿ ಬಾವುಟ ತೋರಿಸುತ್ತಾನೆ, ಜಾರಿದವನಿಗೆ ಉರುಳಲು ಜಾಗವಿದೆ, ಆಂಬುಲೆನ್ಸ್ ಸಿದ್ಧವಾಗಿ ನಿಂತಿದೆ. ರೇಸ್ ಮಾಡುವ ಆಸೆಯಿದ್ದರೆ ಅಲ್ಲಿಗೇ ಹೋಗಬೇಕು. ಬಿಲ್ ಕೊಡುವಾಗ ಈ ಮಾತನ್ನು ಹೇಳದೆ ನಾನು ಯಾರನ್ನೂ ಕಳುಹಿಸುವುದಿಲ್ಲ.

ಬ್ರೇಕ್ ಆಯಿಲ್ ನಮ್ಮ ಜಿಲ್ಲೆಯಲ್ಲಿ ವಿಶೇಷ ಗಮನ ಬೇಡುವ ವಸ್ತು. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ; ನೀರು ಸೇರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿಂದ ಸಂಪಾಜೆಗೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಹಳೆಯ ಆಯಿಲ್ ಕುದಿದು ಗುಳ್ಳೆಯೇಳುತ್ತದೆ, ಲಿವರ್ ಸೋತುಬಿಡುತ್ತದೆ. ಕಂಪನಿಗಳು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತವೆ. ಕಕ್ಕಡದ, ಅಂದರೆ ಜುಲೈ–ಆಗಸ್ಟ್ ಹೊತ್ತಿನ, ಮಳೆ ಕಂಡ ಬೈಕಿಗೆ ನಾನು ಪ್ರತಿ ವರ್ಷವೂ ಬದಲಿಸುತ್ತೇನೆ. ಹೊರಗೆ ಬರುವ ಆಯಿಲ್ ಎಷ್ಟೋ ಸಲ ಕಾಫಿ ಡಿಕಾಕ್ಷನ್ನಿನ ಬಣ್ಣದಲ್ಲಿರುತ್ತದೆ. ಅದನ್ನು ಮಾಲೀಕರಿಗೆ ತೋರಿಸಿಯೇ ಚೆಲ್ಲುತ್ತೇನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ತಯಾರಿಸಿದ ಯೆಜ್ಡಿ ಬೈಕುಗಳನ್ನು ಓಡಿಸಿದ ನಮ್ಮ ಹಿರಿಯರಿಗೆ ಇಳಿಜಾರಿನ ವಿದ್ಯೆ ಚೆನ್ನಾಗಿ ಗೊತ್ತಿತ್ತು. ಟೂ ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಅಷ್ಟಾಗಿ ತಡೆಯುವುದಿಲ್ಲ, ಬ್ರೇಕ್ ಕೂಡ ಡ್ರಮ್. ಹಾಗಾಗಿ ಇಳಿಯುವ ಮುನ್ನವೇ ಅವರು ವೇಗ ತಗ್ಗಿಸುತ್ತಿದ್ದರು.

ಟೈರಿನ ವಿಷಯ ಚಿಕ್ಕದು: ಮಳೆಗಾಲದ ತಂಪಿನಲ್ಲಿ ರೇಸಿನ ಮೃದು ಟೈರ್ ಬಿಸಿಯೇ ಏರುವುದಿಲ್ಲ, ಹಿಡಿಯುವುದೂ ಇಲ್ಲ. ಅದನ್ನು ಹಾಕಿಕೊಡಿ ಎಂದವರಿಗೆ ನಾನು ಒಪ್ಪುವುದಿಲ್ಲ.

ಕಳೆದ ಬೇಸಿಗೆಯಲ್ಲಿ 390 ಸಿಸಿ ಬೈಕಿನ ಯುವಕನೊಬ್ಬ ಹೊಸ ಸೈಲೆನ್ಸರ್ ಹಾಕಿಸಲು, ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಆದ ಇಸಿಯು ಬದಲಿಸಲು ಬಂದಿದ್ದ. ಅವನ ಟೈ ಅರ್ಧ ದಾರಿಯನ್ನೂ ಮುಟ್ಟಿರಲಿಲ್ಲ. ಬೈಕಿನ ಮೇಲೆ ಕೂರಿಸಿ ನೋಡಿದರೆ ಅವನ ಕೈ ಚಿಕ್ಕದು, ಲಿವರ್ ದೂರ; ಬೆರಳಿನ ತುದಿಯಿಂದಷ್ಟೇ ಎಳೆಯುತ್ತಿದ್ದ. ಲಿವರಿನ ಅಂತರ ತಗ್ಗಿಸಲು ಒಂದು ನಿಮಿಷ ಸಾಕಾಯಿತು. ಆಯಿಲ್ ಬದಲಿಸಿ, ಸ್ಪ್ರಿಂಗನ್ನು ಅವನ ಭಾರಕ್ಕೆ ಹೊಂದಿಸಿ ಕೊಟ್ಟೆ. ಸೈಲೆನ್ಸರ್ ಮಾರಿದ್ದರೆ ನನಗೆ ಸಿಗುತ್ತಿದ್ದ ಲಾಭ ಇದರ ಹಲವು ಪಟ್ಟು ಎಂಬುದು ನಿಜ. ವರ್ಕ್‌ಶಾಪ್ ನಡೆಸುವ ಹೊಸಬರು ಈ ಲೆಕ್ಕವನ್ನು ಮೊದಲೇ ಹಾಕಿಕೊಂಡಿರಬೇಕು. ಆದರೆ ಅವನು ಈಗ ಕೊಯಮತ್ತೂರಿನ ಟ್ರ್ಯಾಕಿಗೆ ಹೋಗುತ್ತಾನೆ, ಹೋಗುವ ಮುನ್ನ ಪ್ರತಿ ಸಲವೂ ಇಲ್ಲಿಗೇ ಬರುತ್ತಾನೆ, ಗೆಳೆಯರನ್ನೂ ಕರೆತರುತ್ತಾನೆ.

ಮೊದಲ ಬಾರಿಗೆ ಟ್ರ್ಯಾಕಿಗೆ ಹೊರಟವರಿಗೆ ಒಂದು ವಿನಂತಿ. ಹೊಸ ಬ್ರೇಕ್ ಪ್ಯಾಡ್ ಹಾಕಿಸಿಕೊಂಡು ಹಿಂದಿನ ರಾತ್ರಿಯೇ ಹೊರಡಬೇಡಿ. ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಮೆಲ್ಲಗೆ ಬ್ರೇಕ್ ಹಿಡಿಯುತ್ತಾ ಒಂದಷ್ಟು ಓಡಾಟ ಬೇಕು. ವಾರ ಮೊದಲೇ ಬನ್ನಿ, ಟೈ ಕಟ್ಟಿ ಕೊಡುತ್ತೇನೆ, ಕುಟ್ಟದವರೆಗೆ ಹೋಗಿ ಬನ್ನಿ. ಅದು ಎಲ್ಲಿ ನಿಂತಿದೆಯೆಂದು ನೋಡಿ ಸ್ಪ್ರಿಂಗ್ ಹೊಂದಿಸೋಣ.